ಕರ್ನಲ್ ಹೊಸದಾಯಿತು, ಹಳೆ ವಿಂಡೋಸ್ ಏಳಲಿಲ್ಲ

ನಿನ್ನೆ ರಾತ್ರಿ ಲ್ಯಾಪ್‌ಟಾಪಿನ ಲಿನಕ್ಸ್ ಅಪ್‌ಗ್ರೇಡ್ ಮಾಡಿದೆ. ಡೆಸ್ಕ್‌ಟಾಪ್ ಚೆನ್ನಾಗಿಯೇ ಬಂತು. ವರ್ಚುವಲ್ ಮಷೀನ್, ಅಂದರೆ ಲ್ಯಾಪ್‌ಟಾಪಿನೊಳಗೇ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್, ಮಾತ್ರ ಶುರುವಾಗಲಿಲ್ಲ. ಅದರೊಳಗೆ ಹಳೆ ವಿಂಡೋಸ್ ಇದೆ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಇದೆ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರ ಸಂಕೇತ ಬಳಕೆಗೆ ಬರುವ ಮೊದಲು ಅಪ್ಪ ಟೈಪ್ ಮಾಡಿಟ್ಟ ಬರಹಗಳನ್ನು ನಾನು ತೆರೆಯುವುದು ಅಲ್ಲೇ. ಎದೆ ಧಸಕ್ಕೆಂದಿತು.

ಕರ್ನಲ್ ಅಂದರೆ ಲಿನಕ್ಸಿನ ತಿರುಳು. ಅದು ಹೊಸದಾದಾಗ ವರ್ಚುವಲ್ ಮಷೀನ್ ಓಡಿಸುವ ತಂತ್ರಾಂಶದ ಡ್ರೈವರ್ ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡಬೇಕು, ಅದಕ್ಕೆ ಕರ್ನಲ್ ಹೆಡರ್‌ ಎಂಬ ಫೈಲ್‌ಗಳು ಬೇಕೇ ಬೇಕು. ನೋಡಿದರೆ ಅವು ಇದ್ದವು. ಸಹಿ ಇಲ್ಲದ ಮಾಡ್ಯೂಲನ್ನು ತಡೆಯುವ ಸೆಕ್ಯೂರ್ ಬೂಟ್ ಕೂಡ ಆಫ್ ಆಗಿತ್ತು. ಕೊನೆಗೆ ಎರರ್ ಸಾಲನ್ನು ನಿಧಾನವಾಗಿ ಓದಿದೆ. ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವನ್ನು ಬೇರೆ ಯಾವುದೋ ಹಿಡಿದುಕೊಂಡಿದೆ ಎಂದಿತ್ತು. ಅದು ವರ್ಚುವಲ್ ಮಷೀನ್ ಓಡಿಸಲು ಕರ್ನಲ್‌ನಲ್ಲೇ ಇರುವ ಕೆವಿಎಂ! ಕರ್ನಲ್ 6.12ನೇ ಆವೃತ್ತಿಯಿಂದ ಈಚೆಗೆ ಕೆವಿಎಂ ಲೋಡ್ ಆದ ಕೂಡಲೇ ಆ ಸೌಲಭ್ಯವನ್ನು ಹಿಡಿದುಕೊಳ್ಳುತ್ತದೆ. ಮೊದಲೆಲ್ಲ ಅದರಲ್ಲಿ ಮಷೀನ್ ಓಡಿಸಿದಾಗ ಮಾತ್ರ ಹಾಗಾಗುತ್ತಿತ್ತು. ಕೆವಿಎಂ ಮಾಡ್ಯೂಲ್ ತೆಗೆದೆ, ಮಷೀನ್ ಎದ್ದಿತು.

ಅಪ್ಪನ ಅಷ್ಟೂ ಬರಹ ಒಂದು ಹಳೆ ಮಷೀನ್ ಏಳುವುದರ ಮೇಲೆ ನಿಂತಿದೆ ಅಲ್ವಾ ಅನ್ನಿಸಿ ನಿದ್ದೆ ಬರಲಿಲ್ಲ. ಇವತ್ತು ಮೂರು ಫೈಲ್ ಯೂನಿಕೋಡ್‌ಗೆ ಬದಲಿಸಿದೆ. ಕೆಲವು ಕಡೆ ಒತ್ತಕ್ಷರ ಒಡೆದಿದೆ. ಕೂತು ತಿದ್ದುತ್ತಿದ್ದೇನೆ.