ಆರೂವರೆಯ ಕ್ಲಾಸು

ಹಗಲು ಮುಂಬೈನ ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ, ಸಂಜೆ ಆರೂವರೆಗೆ ಕ್ಲಾಸು. 2014-15ರಲ್ಲಿ ನಮ್ಮ ಕಾಲೇಜಿನಲ್ಲಿ ಸೈಬರ್ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾ ಓದಿದೆ. ರಾತ್ರಿ ಚರ್ಚ್‌ಗೇಟಿನಲ್ಲಿ ವಿರಾರ್ ಲೋಕಲ್ ಹತ್ತುವಾಗ ಕೈಯಲ್ಲಿ ವಡಾಪಾವ್, ಬ್ಯಾಗಿನಲ್ಲಿ 2000ದ ಐಟಿ ಕಾಯ್ದೆ.

ಎಂಥ ವರ್ಷ ಅದು! 2015ರ ಮಾರ್ಚ್ 24ಕ್ಕೆ ಸುಪ್ರೀಂ ಕೋರ್ಟು ಆ ಕಾಯ್ದೆಯ 66ಎ ಸೆಕ್ಷನ್, ಅಂದರೆ ಆನ್‌ಲೈನಿನಲ್ಲಿ ಆಕ್ಷೇಪಾರ್ಹವಾಗಿ ಬರೆಯುವುದನ್ನು ಅಪರಾಧ ಮಾಡಿದ್ದ ಸೆಕ್ಷನ್, ರದ್ದು ಮಾಡಿತು. 2012ರಲ್ಲಿ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಒಬ್ಬಳು, ಲೈಕ್ ಒತ್ತಿದ್ದಕ್ಕೆ ಇನ್ನೊಬ್ಬಳು ಅರೆಸ್ಟ್ ಆದದ್ದು ಪಾಲ್ಘರ್‌ನಲ್ಲಿ. ನಮ್ಮ ವಿರಾರ್ ದಾಟಿದರೆ ಅದೇ ಊರಲ್ವಾ? 66ಎ ವಿರುದ್ಧ ಅರ್ಜಿ ಹಾಕಿದ್ದ ಶ್ರೇಯಾ ಸಿಂಘಾಲ್ ತೀರ್ಪು ಬಂದಾಗ ನಮ್ಮ ಹಾಗೇ ಕಾನೂನು ಓದುತ್ತಿದ್ದಳು. ಆ ವಾರ ಸರ್ ಪಾಠ ಬದಿಗಿಟ್ಟು ತೀರ್ಪನ್ನೇ ಓದಿದರು.

ಆದರೆ ನನ್ನೊಳಗೆ ಜಾಸ್ತಿ ಇಳಿದದ್ದು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್. ಕಂಪ್ಯೂಟರ್ ದಾಖಲೆಯ ಪ್ರಿಂಟನ್ನು ಸಾಕ್ಷಿಯಾಗಿ ಕೊಡಬೇಕಾದರೆ ಆ ಸೆಕ್ಷನ್ನಿನ ಸರ್ಟಿಫಿಕೇಟ್, ಅಂದರೆ ದಾಖಲೆ ಯಾವ ಸಾಧನದಿಂದ, ಹೇಗೆ ಬಂತು ಎಂದು ಸಹಿ ಹಾಕಿದ ಹೇಳಿಕೆ, ಇರಲೇಬೇಕು ಎಂದು ಅನ್ವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿದ್ದು 2014ರ ಸೆಪ್ಟೆಂಬರಿನಲ್ಲಿ.

ನಮ್ಮ ಬಿಲ್ಡಿಂಗಿನ ಕುಂದಾಪುರದ ಅಕ್ಕ ಮನೆಯಿಂದಲೇ ಡಬ್ಬಾ ಕಳಿಸುತ್ತಿದ್ದರು. ಗಿರಾಕಿಯೊಬ್ಬ ಎಂಟು ತಿಂಗಳ ದುಡ್ಡು ಬಾಕಿ ಉಳಿಸಿದ್ದ. ಇದ್ದ ಪುರಾವೆ ವಾಟ್ಸಾಪ್ ಮೆಸೇಜುಗಳು ಮಾತ್ರ. ಪ್ರಿಂಟ್ ಹಿಡಿದು ನನ್ನ ಹತ್ತಿರ ಬಂದರು. ನಾನು ಸರ್ ಹತ್ತಿರ ಓಡಿದೆ. ಸರ್ ಧಾರವಾಡದವರು. "ಫಾರ್ಮ್ ನೋಡಿ ಬರೀಬ್ಯಾಡ, ಆಕಿ ಫೋನ್ ನೋಡಿ ಬರಿ" ಎಂದರು.

ಭಾನುವಾರ ಸರ್ಟಿಫಿಕೇಟ್ ಬರೆಯಲು ಅಕ್ಕನ ಅಡುಗೆಮನೆಯಲ್ಲಿ ಕೂತೆ. ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ಫೋನಿನ ಮಾಡೆಲ್, ನಂಬರು ಬರೆದುಕೊಂಡೆ. ದಿನಾ ಯಾರ ಕೈಯಲ್ಲಿರುತ್ತದೆ? ಆ ತಿಂಗಳುಗಳಲ್ಲಿ ಕೆಟ್ಟಿತ್ತಾ? ಪ್ರಿಂಟ್ ಎಲ್ಲಿ, ಹೇಗೆ ತೆಗೆಸಿದಿರಿ? "ಮಗ ಅದ್ರಲ್ ಗೇಮ್ ಆಡ್ತ, ಅದ್ನೂ ಬರೀಕಾ?" ಎಂದರು ಅಕ್ಕ. ಅದನ್ನೂ ಬರೆದೆ. ಆ ಒಂದು ಗಂಟೆಯಲ್ಲಿ ನನಗೆ ಸಾಕ್ಷ್ಯ ಅಂದರೇನು ಎಂದು ಅರ್ಥವಾದಷ್ಟು ಬೇರೆಲ್ಲೂ ಆಗಿಲ್ಲ. ಮನೆಗೆ ಬಂದ ಮೇಲೂ ಪೆನ್ನು ಕೈಯಲ್ಲೇ ಇತ್ತು.

2024ರ ಜುಲೈ 1ರಿಂದ 65ಬಿ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಬಂದಿದೆ. ಸರ್ಟಿಫಿಕೇಟಿನಲ್ಲಿ ಈಗ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಕೂಡ ಬರೆಯಬೇಕು. ಬ್ಯಾಂಕಿಗೆ ಬರುವ ಹೊಸ ಹುಡುಗರಿಗೆ ಅದನ್ನು ಹೇಳಿಕೊಡುವಾಗ ನಾನು ಮೊದಲು ತೆಗೆಯುವುದು ಅಕ್ಕನ ಸರ್ಟಿಫಿಕೇಟಿನ ಜೆರಾಕ್ಸ್. ಇಂಗ್ಲಿಷ್ ಟೈಪಿಂಗ್‌ನ ಕೆಳಗೆ, ಕನ್ನಡದಲ್ಲಿ, ನಿಧಾನವಾಗಿ ಹಾಕಿದ ಸಹಿ.