ಗಾಜು ಉಜ್ಜುತ್ತಿದ್ದವನು ಮತ್ತು ಅಮ್ಮನ ಹರಕೆ

ಅಪ್ಪನಿಗೆ ಕಿಡ್ನಿ ಕೈಕೊಟ್ಟ ವರ್ಷ ಅಮ್ಮ ರಾತ್ರಿ ಮಲಗುತ್ತಿರಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್, ತಿಪಟೂರಿನಿಂದ ತುಮಕೂರಿಗೆ ಓಡಾಟ. ಆ ಸುಸ್ತಿಗೇ ನಿದ್ದೆ ಬರಬೇಕಿತ್ತು. ಬರುತ್ತಿರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಯಾರೋ ಹೇಳಿದರು ಅಂತ ಅಮ್ಮ ಒಬ್ಬ ಜ್ಯೋತಿಷಿಯ ಹತ್ತಿರ ಹೋಗಿದ್ದಳು. ಅವನು ಕವಡೆ ಹಾಕಿ, "ಮನೆದೇವರ ಹರಕೆ ಒಂದು ಬಾಕಿ ಇದೆ, ಅದೇ ಕಾಡ್ತಿದೆ" ಅಂದನಂತೆ. ಅಮ್ಮ ಕೂತು ನೆನಪು ಮಾಡಿಕೊಂಡಳು. ನನಗೆ ನಾಲ್ಕು ವರ್ಷ ಇದ್ದಾಗ ಕಣ್ಣು ಬೇನೆ ಬಂದು ಎಷ್ಟೋ ದಿನ ಕಣ್ಣು ಬಿಟ್ಟಿರಲಿಲ್ಲವಂತೆ. ಆಗ ದೇವಿಗೆ ಬೆಳ್ಳಿ ಕಣ್ಣು ಮಾಡಿಸಿಕೊಡ್ತೀನಿ ಅಂತ ಹರಕೆ ಹೊತ್ತಿದ್ದಳು. ಕಣ್ಣು ವಾಸಿಯಾಯಿತು, ಹರಕೆ ಮರೆತುಹೋಯಿತು. ಮೂವತ್ತು ವರ್ಷ ಕಳೆದ ಮೇಲೆ ಅಪ್ಪನ ಕಾಯಿಲೆಗೆ ತಾನೇ ಕಾರಣ ಅಂತ ಅಮ್ಮ ನಂಬಿಬಿಟ್ಟಳು.

ಆಗ ನಾನು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಫೋನಿನಲ್ಲಿ ಬೈದೆ. "ಸುಮ್ನೆ ಇರಮ್ಮ, ಎಲ್ಲಾ ಮೂಢನಂಬಿಕೆ" ಅಂದೆ. ಅವಳು ಸುಮ್ಮನಾದಳು. ನಿದ್ದೆ ಮಾತ್ರ ಬರಲಿಲ್ಲ, ಅದನ್ನು ನನಗೆ ಹೇಳುವುದನ್ನು ಬಿಟ್ಟಳು ಅಷ್ಟೇ.

ಆ ದಿನಗಳಲ್ಲೇ ನಾನು ಹದಿನೇಳನೇ ಶತಮಾನದ ಡಚ್ ತತ್ವಜ್ಞಾನಿ ಸ್ಪಿನೋಜನನ್ನು ಓದಿದ್ದು. ಆಫೀಸಿಗೆ ಹೋಗುವ ದಾರಿಯಲ್ಲಿ, ಪಾವಿಲ್ಯೂನ್ಸ್‌ಗ್ರಾಕ್ಟ್ ಅನ್ನುವ ಬೀದಿಯಲ್ಲಿ, ಅವನು ಕಡೆಯ ವರ್ಷಗಳನ್ನು ಕಳೆದ ಮನೆ ಇದೆ. ಎದುರಿಗೆ ಕೂತು ಯೋಚನೆ ಮಾಡುತ್ತಿರುವ ಕಂಚಿನ ಪ್ರತಿಮೆ ಇದೆ. ಯಾರಿವನು ಅಂತ ಕುತೂಹಲಕ್ಕೆ 1670ರಲ್ಲಿ ಹೊರಬಂದ ಅವನ ಧರ್ಮ ಮತ್ತು ರಾಜಕೀಯದ ಪುಸ್ತಕ ತೆಗೆದರೆ, ಮುನ್ನುಡಿಯಲ್ಲೇ ಅಮ್ಮ ಕೂತಿದ್ದಳು. ಅವನು ಹೇಳುವುದು ಇಷ್ಟು: ಎಲ್ಲ ನಮ್ಮ ಕೈಯಲ್ಲಿದ್ದರೆ, ಅದೃಷ್ಟ ಯಾವಾಗಲೂ ನೆಟ್ಟಗಿದ್ದರೆ, ಯಾರೂ ಮೂಢನಂಬಿಕೆಗೆ ಬೀಳುತ್ತಿರಲಿಲ್ಲ. ಕಷ್ಟ ಬಂದಾಗ ಮನಸ್ಸು ಭಯಕ್ಕೂ ಆಸೆಗೂ ನಡುವೆ ತೂಗಾಡುತ್ತದೆ, ಆಗ ಯಾರು ಏನು ಹೇಳಿದರೂ ನಂಬುತ್ತದೆ. ದಡ್ಡತನದ ಮಾತೇ ಇಲ್ಲ ಅಲ್ಲಿ, ಭಯದ ಮಾತು. ನಾನು ಅಮ್ಮನನ್ನು ದಡ್ಡಿ ಅನ್ನುವ ಹಾಗೆ ಬೈದಿದ್ದೆ.

ಅದೇ ಮುನ್ನುಡಿಯಲ್ಲಿ ಮುಂದೆ ಹೋಗಿ ಅವನು ರಾಜಕೀಯಕ್ಕೆ ಬರುತ್ತಾನೆ. ರಾಜರ ಆಳ್ವಿಕೆಯ ದೊಡ್ಡ ಗುಟ್ಟು ಜನರನ್ನು ಮೋಸದಲ್ಲಿ ಇಡುವುದು, ಅವರನ್ನು ಹಿಡಿದಿಡುವ ಭಯಕ್ಕೆ ಧರ್ಮದ ಹೆಸರು ಹೊದಿಸುವುದು. ಆಗ ಜನ ತಮ್ಮ ಗುಲಾಮಗಿರಿಗಾಗಿಯೇ, ಅದೇ ಮೋಕ್ಷ ಅನ್ನುವ ಹಾಗೆ ಹೊಡೆದಾಡುತ್ತಾರೆ. ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಅಮ್ಮನ ನಿದ್ದೆ ಕೆಡಿಸಿದ ಜ್ಯೋತಿಷಿಗೂ ಊರೂರನ್ನೇ ಹೊಡೆದಾಟಕ್ಕೆ ಹಚ್ಚುವ ದೊರೆಗೂ ಬಂಡವಾಳ ಒಂದೇ ಅಂತ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ನಂಬಿಕೆ ಬೇರೆ, ನೀತಿ ಬೇರೆ, ರಾಜಕೀಯ ಬೇರೆ ಅಂತ ನಾವು ವಿಂಗಡಿಸಿ ಇಟ್ಟುಕೊಂಡಿರುತ್ತೇವೆ ಅಲ್ವಾ. ಇವನು ಭಯ ಅನ್ನುವ ಒಂದೇ ಎಳೆ ಹಿಡಿದು ಎಳೆದರೆ ಮೂರೂ ಒಟ್ಟಿಗೆ ಬರುತ್ತವೆ.

ಭಯ ಅವನಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಹುಟ್ಟಿದ್ದು 1632ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಯಹೂದಿ ವ್ಯಾಪಾರಿಯ ಮನೆಯಲ್ಲಿ. ಪೋರ್ಚುಗಲ್‌ನಲ್ಲಿ ಬಲವಂತದ ಮತಾಂತರಕ್ಕೆ, ಚರ್ಚಿನ ವಿಚಾರಣೆಗೆ ಹೆದರಿ ಓಡಿಬಂದವರ ಸಮುದಾಯ ಅದು. ಅವನು ಏಳೆಂಟು ವರ್ಷದ ಹುಡುಗನಾಗಿದ್ದಾಗ, ಅದೇ ಸಮುದಾಯದ ಉರಿಯೆಲ್ ಡ ಕೋಸ್ಟ ಅನ್ನುವವನಿಗೆ ಧರ್ಮವನ್ನು ಪ್ರಶ್ನಿಸಿದ್ದಕ್ಕೆ ಎಲ್ಲರೆದುರು 39 ಛಡಿ ಏಟು ಕೊಟ್ಟು, ಬಾಗಿಲಲ್ಲಿ ಮಲಗಿಸಿ, ಜನರೆಲ್ಲ ಅವನನ್ನು ದಾಟಿ ಹೋಗುವ ಹಾಗೆ ಮಾಡಿದ್ದರು. ಆಮೇಲೆ ಆತ ಪ್ರಾಣ ಕಳೆದುಕೊಂಡ. ಸ್ಪಿನೋಜನ ಸರದಿ ಬಂದದ್ದು 1656ರ ಜುಲೈ 27ರಂದು. ಆಗ ಅವನಿಗೆ 23 ವರ್ಷ. ಅವನನ್ನು ಸಮುದಾಯದಿಂದ ಹೊರಗೆ ಹಾಕುತ್ತಾ, ಹಗಲಲ್ಲೂ ಶಾಪ, ರಾತ್ರಿಯಲ್ಲೂ ಶಾಪ, ಮಲಗುವಾಗಲೂ ಏಳುವಾಗಲೂ ಶಾಪ ಅಂತ ಓದಿ ಹೇಳಿದರು. ಯಾರೂ ಅವನ ಜೊತೆ ಮಾತಾಡಬಾರದು, ಒಂದೇ ಸೂರಿನಡಿ ಇರಬಾರದು, ನಾಲ್ಕು ಮೊಳದಷ್ಟು ಹತ್ತಿರ ಹೋಗಬಾರದು, ಅವನು ಬರೆದದ್ದನ್ನು ಓದಬಾರದು.

ನಾಲ್ಕು ಮೊಳ. ಅದನ್ನು ಓದಿದಾಗ ನಮ್ಮಜ್ಜಿಯ ಊರಿನ ಒಂದು ಮನೆ ಕಣ್ಣಿಗೆ ಬಂತು. ಅವರ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು ಅಂತ ಬಹಿಷ್ಕಾರ ಹಾಕಿದ್ದರು. ಬೆಂಕಿ ಕೊಡಬಾರದು, ನೀರು ಸೇದಬಾರದು, ಅಂಗಡಿಯಲ್ಲಿ ಉಪ್ಪು ಕೊಡಬಾರದು. ನಾನು ಚಿಕ್ಕವಳು. ಆ ಮನೆಯ ಮುದುಕ ಒಬ್ಬನೇ ಜಗುಲಿಯಲ್ಲಿ ಕೂತು ದಾರಿಯಲ್ಲಿ ಹೋಗುವ ಮಕ್ಕಳನ್ನು ನೋಡಿ ನಗುತ್ತಿದ್ದ. ನಾವು ಓಡುತ್ತಿದ್ದೆವು. ಓಡಿ ಅಂತ ಯಾರೋ ಹೇಳಿಕೊಟ್ಟಿದ್ದರು.

ಸ್ಪಿನೋಜನನ್ನು ಹೊರಗೆ ಹಾಕಿದವರನ್ನು ಸುಮ್ನೆ ಕೆಟ್ಟವರು ಅಂದುಬಿಡುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಅವರು ಕ್ರೈಸ್ತರ ನಗರದಲ್ಲಿ ಆಶ್ರಯ ಪಡೆದವರು. ನಮ್ಮಲ್ಲಿ ನಾಸ್ತಿಕರಿದ್ದಾರೆ ಅಂತ ಸುದ್ದಿಯಾದರೆ ಇಲ್ಲಿಂದಲೂ ಓಡಿಸಿಬಿಟ್ಟರೆ ಏನು ಗತಿ ಅನ್ನುವ ಹೆದರಿಕೆ ಅವರಿಗೂ ಇತ್ತು. ಹೆದರಿ ಬಂದವರು ಹೆದರಿಕೆಯಿಂದಲೇ ತಮ್ಮ ಹುಡುಗನನ್ನು ಹೊರಗೆ ಹಾಕಿದರು.

ಅವನು ಮತ್ತೆ ಹೋಗಿ ಕ್ಷಮೆ ಕೇಳಲಿಲ್ಲ. ಕ್ರೈಸ್ತನೂ ಆಗಲಿಲ್ಲ. ದೂರದರ್ಶಕಕ್ಕೆ, ಸೂಕ್ಷ್ಮದರ್ಶಕಕ್ಕೆ ಗಾಜಿನ ಲೆನ್ಸ್ ಉಜ್ಜಿ ಬದುಕಿದ. ಲೈಡನ್ ಹತ್ತಿರದ ರೈನ್ಸ್‌ಬರ್ಗ್ ಹಳ್ಳಿಯಲ್ಲಿ 1661ರಿಂದ ಎರಡು ವರ್ಷ ಇದ್ದ ಪುಟ್ಟ ಮನೆ ಈಗ ಮ್ಯೂಸಿಯಂ. ಅಪ್ಪ ಹೋದ ಮೇಲೆ ಅಮ್ಮ ಮೂರು ತಿಂಗಳು ನನ್ನ ಹತ್ತಿರ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಗೋಡೆಯ ಕಲ್ಲಿನಲ್ಲಿ ಒಂದು ಹಳೆಯ ಡಚ್ ಪದ್ಯ ಕೆತ್ತಿದ್ದಾರೆ, ಮನುಷ್ಯರೆಲ್ಲ ತಿಳಿದವರಾಗಿದ್ದು ಒಳ್ಳೆಯದನ್ನೂ ಬಯಸಿದ್ದರೆ ಭೂಮಿ ಸ್ವರ್ಗವಾಗುತ್ತಿತ್ತು, ಈಗ ಹೆಚ್ಚಾಗಿ ನರಕ ಅನ್ನುವ ಅರ್ಥದ್ದು. ಒಳಗೆ ಲೆನ್ಸ್ ಉಜ್ಜುವ ಹಳೆಯ ಯಂತ್ರವಿದೆ, ಅವನು ಬಳಸುತ್ತಿದ್ದಂಥದ್ದು. ಗಾಜಿನ ಬಿಲ್ಲೆಯನ್ನು ಕುಳಿಯಾದ ಅಚ್ಚಿನ ಮೇಲಿಟ್ಟು, ಪುಡಿ ಹಾಕಿ ಉಜ್ಜಿ ಉಜ್ಜಿ ಬೇಕಾದ ಉಬ್ಬು ಬರಿಸುವುದು. ಅಮ್ಮ ಆ ಮರದ ಚೌಕಟ್ಟನ್ನು ಬಹಳ ಹೊತ್ತು ನೋಡಿದಳು. "ಗಾಜಿನ ಪುಡಿ ಮೂಗಿಗೆ ಹೋಗ್ತಿರ್ಲಿಲ್ವಾ?" ಅಂದಳು. ಹೋಗುತ್ತಿತ್ತು. ಮೊದಲೇ ಶ್ವಾಸಕೋಶದ ಕಾಯಿಲೆ ಇತ್ತು, 1677ರಲ್ಲಿ 44ನೇ ವಯಸ್ಸಿಗೆ ತೀರಿಕೊಂಡ. ವಿಜ್ಞಾನಿ ಹೈಗೆನ್ಸ್ ಅವನ ಲೆನ್ಸಿನ ನುಣುಪನ್ನು ಮೆಚ್ಚಿ ತಮ್ಮ ಸಹೋದರನಿಗೆ ಕಾಗದ ಬರೆದಿದ್ದರು. 1920ರಲ್ಲಿ ಐನ್‌ಸ್ಟೈನ್ ಇದೇ ಮನೆಗೆ ಬಂದಿದ್ದರು. ನೀವು ದೇವರನ್ನು ನಂಬುತ್ತೀರಾ ಅಂತ 1929ರಲ್ಲಿ ಒಬ್ಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ತಂತಿ ಕಳಿಸಿ ಕೇಳಿದಾಗ, ಇರುವುದೆಲ್ಲದರ ಹೊಂದಾಣಿಕೆಯಲ್ಲಿ ತೋರುವ ಸ್ಪಿನೋಜನ ದೇವರನ್ನು ನಂಬುತ್ತೇನೆ, ಮನುಷ್ಯರ ಹಣೆಬರಹ, ನಡತೆಗಳಲ್ಲಿ ತಲೆಹಾಕುವ ದೇವರನ್ನಲ್ಲ ಅಂತ ಅವರು ಉತ್ತರ ಕೊಟ್ಟರು.

ಇದನ್ನು ಇಲ್ಲಿನ ಕನ್ನಡ ಗೆಳೆಯರಿಗೆ ಹೇಳಿದರೆ "ಇದು ನಮ್ಮ ಅದ್ವೈತವೇ ಅಲ್ವಾ" ಅಂತಾರೆ. ಹತ್ತಿರ ಹೌದು. ದೇವರು ಮತ್ತು ಪ್ರಕೃತಿ ಒಂದೇ, ಇರುವುದು ಒಂದೇ ವಸ್ತು ಅನ್ನುತ್ತಾನೆ. ಆದರೆ ಅವನಿಗೆ ಜಗತ್ತು ಮಾಯೆ ಅಲ್ಲ. ಈ ಕಲ್ಲು, ಈ ಕೋಪ, ಈ ಕಿಡ್ನಿ ಎಲ್ಲ ನಿಜ, ಎಲ್ಲಕ್ಕೂ ಕಾರಣ ಇದೆ, ಆ ಕಾರಣ ತಿಳಿಯುವುದೇ ದೇವರನ್ನು ತಿಳಿಯುವುದು. ಹಿಂದಿನ ಜನ್ಮದ ಲೆಕ್ಕ ಇಲ್ಲ. ಆ ದೇವರು ಬೆಳ್ಳಿ ಕಣ್ಣಿಗೆ ಮೂವತ್ತು ವರ್ಷ ಕಾದು ಬಡ್ಡಿ ವಸೂಲಿ ಮಾಡುವುದಿಲ್ಲ.

ಇಂಥ ಮಾತು ಹೇಳುವುದು ಆಗ ಪ್ರಾಣಕ್ಕೇ ಅಪಾಯ. ಅವನ ಗೆಳೆಯ ಆಡ್ರಿಯಾನ್ ಕೂರ್ಬಾಖ್ ಇದೇ ಥರದ ವಿಚಾರವನ್ನು 1668ರಲ್ಲಿ ಲ್ಯಾಟಿನ್ ಬಿಟ್ಟು ಜನರಾಡುವ ಡಚ್ಚಿನಲ್ಲೇ ಬರೆದ. ಹತ್ತು ವರ್ಷ ಶಿಕ್ಷೆ ಹಾಕಿದರು, ಒಂದೇ ವರ್ಷಕ್ಕೆ ಜೈಲಿನಲ್ಲೇ ಸತ್ತ. ಸ್ಪಿನೋಜ ತನ್ನ ಪುಸ್ತಕವನ್ನು ಲ್ಯಾಟಿನ್‌ನಲ್ಲಿ, ಹೆಸರು ಹಾಕದೆ, ಹ್ಯಾಂಬರ್ಗಿನಲ್ಲಿ ಅಚ್ಚಾಯಿತು ಅಂತ ಸುಳ್ಳು ಊರು ಹಾಕಿ ತಂದ. ಯಾರೋ ಡಚ್ಚಿಗೆ ಅನುವಾದ ಮಾಡುತ್ತಿದ್ದಾರೆ ಅಂತ ಗೊತ್ತಾದಾಗ ದಯವಿಟ್ಟು ನಿಲ್ಲಿಸಿ ಅಂತ ಕಾಗದ ಬರೆದ. ಇದನ್ನು ಹೇಡಿತನ ಅನ್ನುವವರಿದ್ದಾರೆ. ಗೆಳೆಯ ಜೈಲಿನಲ್ಲಿ ಸತ್ತದ್ದನ್ನು ನೋಡಿದವನಿಗೆ ಆ ಮಾತು ಹೇಳುವುದು ನನ್ನಿಂದಾಗದು.

ಆ ಪುಸ್ತಕದಲ್ಲಿ ಇದ್ದದ್ದೇನು? ಧರ್ಮಗ್ರಂಥವನ್ನೂ ಯಾರು ಬರೆದರು, ಯಾವಾಗ, ಯಾರಿಗೆ, ಯಾವ ಭಾಷೆಯಲ್ಲಿ ಅಂತ ಕೇಳಿ ಓದಬೇಕು. ಯಹೂದಿಗಳ ಪ್ರವಾದಿ ಮೋಶೆಯ ಹೆಸರಿನ ಗ್ರಂಥದಲ್ಲಿ ಮೋಶೆ ಸತ್ತ ಸಂಗತಿಯೂ ಇದೆ, ಹಾಗಾದರೆ ಅದೆಲ್ಲವನ್ನೂ ಅವನೇ ಬರೆದಿರಲು ಹೇಗೆ ಸಾಧ್ಯ? ಗ್ರಂಥದ ತಿರುಳು ನ್ಯಾಯವಾಗಿ ನಡೆಯುವುದು, ಪಕ್ಕದವನನ್ನು ಪ್ರೀತಿಸುವುದು, ಅಷ್ಟೇ. ಮತ್ತೆ ಕಡೆಯ ಅಧ್ಯಾಯದಲ್ಲಿ, ತನ್ನ ತಲೆಯಲ್ಲಿ ಯೋಚಿಸುವ ಹಕ್ಕನ್ನು ಮನುಷ್ಯ ತಾನೇ ಬಯಸಿದರೂ ಬೇರೆಯವರಿಗೆ ಬಿಟ್ಟುಕೊಡಲಾರ, ಅದನ್ನು ಕಾನೂನಿನಿಂದ ತಡೆಯಹೋದರೆ ಸಿಕ್ಕಿಬೀಳುವವರು ಪ್ರಾಮಾಣಿಕರು, ಹೊಗಳುಭಟ್ಟರಲ್ಲ ಅನ್ನುತ್ತಾನೆ. ಸರ್ಕಾರದ ಗುರಿ ಸ್ವಾತಂತ್ರ್ಯ ಅನ್ನುವ ಮಾತು ಅಲ್ಲಿಯದೇ. 1674ರಲ್ಲಿ ಹಾಲೆಂಡ್ ಆ ಪುಸ್ತಕವನ್ನು ನಿಷೇಧಿಸಿತು. ಸುಮಾರು ಮುನ್ನೂರು ವರ್ಷ ಆದಮೇಲೆ ಅದೇ ದೇಶ ಸಾವಿರ ಗಿಲ್ಡರ್ ನೋಟಿನ ಮೇಲೆ ಅವನ ಮುಖ ಅಚ್ಚು ಹಾಕಿತು. 2008ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಿಲ್ಲಿಸಿದ ಅವನ ಪ್ರತಿಮೆಯ ಕೆಳಗೆ ಸ್ವಾತಂತ್ರ್ಯದ ಆ ಮಾತನ್ನೇ ಕೆತ್ತಿದ್ದಾರೆ. ಅವನ ನಿಲುವಂಗಿಯ ತುಂಬ ಹಕ್ಕಿಗಳು, ಅದರಲ್ಲಿ ಗಿಣಿಗಳೂ ಇವೆ. ನಮ್ಮ ತೆಂಗಿನ ತೋಟದಲ್ಲಿ ಕೂಗುವ ಅದೇ ಕೊರಳಪಟ್ಟಿಯ ಹಸಿರು ಗಿಣಿ, ಈಗ ಅಲ್ಲಿನ ಪಾರ್ಕುಗಳಲ್ಲೂ ಗೂಡು ಕಟ್ಟಿಕೊಂಡಿದೆ.

ಅವನ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಸಾಯುವ ಮುಂಚೆ ಅರ್ಧಕ್ಕೇ ಬಿಟ್ಟ ರಾಜಕೀಯದ ಪುಸ್ತಕದ ಕಡೆಯ ಪುಟದಲ್ಲಿ, ಹೆಂಗಸರಿಗೆ ಆಳ್ವಿಕೆಯಲ್ಲಿ ಪಾಲು ಬೇಡ, ಅವರು ಸ್ವಭಾವದಿಂದಲೇ ಗಂಡಸರಿಗೆ ಸಮ ಅಲ್ಲ ಅಂತ ಬರೆದಿದ್ದಾನೆ. ಎಲ್ಲದಕ್ಕೂ ಕಾರಣ ಹುಡುಕಿದವನು ಇಲ್ಲಿ ಊರಿನ ರೂಢಿಯನ್ನೇ ಕಾರಣ ಅಂದುಕೊಂಡುಬಿಟ್ಟ. ಓದಿ ತುಂಬಾ ಬೇಜಾರಾಯಿತು. ಈಗಲೂ ಆಗುತ್ತದೆ.

ಆದರೂ ಅವನ ಹತ್ತಿರ ಮತ್ತೆ ಮತ್ತೆ ಹೋಗುವುದು 1672ರ ಕಾರಣಕ್ಕೆ. ಆ ವರ್ಷ ಫ್ರೆಂಚ್ ಸೈನ್ಯ ನುಗ್ಗಿತು, ದೇಶ ಕುಸಿಯಿತು, ಸಿಟ್ಟಿಗೆದ್ದ ಜನ ಆಗಸ್ಟ್ 20ರಂದು ಹೇಗ್‌ನಲ್ಲಿ ಗಣರಾಜ್ಯದ ನಾಯಕ ಯೋಹಾನ್ ಡ ವಿಟ್‌ನನ್ನೂ ಅವನ ಅಣ್ಣನನ್ನೂ ಜೈಲಿನಿಂದ ಎಳೆದು ಕೊಂದರು. ಹೆಣಗಳನ್ನು ತುಂಡು ಮಾಡಿ ಮಾರಿದರು. ಅವರದೇ ಅನ್ನುವ ಒಂದು ನಾಲಿಗೆ, ಒಂದು ಬೆರಳು ಇಲ್ಲಿನ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇವೆ. ನಾನು ಒಂದು ಸಲ ನೋಡಿದೆ, ಮತ್ತೆ ಆ ಕೋಣೆಗೆ ಹೋಗಿಲ್ಲ. ಸ್ಪಿನೋಜ ಆ ರಾತ್ರಿ "ಅನಾಗರಿಕರಲ್ಲೇ ಅತಿ ನೀಚರು" ಅನ್ನುವ ಫಲಕ ಬರೆದು ಕೊಲೆ ನಡೆದ ಜಾಗದಲ್ಲಿ ಹಾಕಲು ಹೊರಟ. ಮನೆ ಮಾಲೀಕ ಬಾಗಿಲಿಗೆ ಬೀಗ ಹಾಕಿ ಉಳಿಸಿದ. ಅದೇ ಕೈ, ಕೆಲವು ವರ್ಷ ಕಳೆದ ಮೇಲೆ, ಮನುಷ್ಯರ ನಡವಳಿಕೆಯನ್ನು ನೋಡಿ ನಗುವುದೂ ಇಲ್ಲ, ಅಳುವುದೂ ಇಲ್ಲ, ಹೇಸುವುದೂ ಇಲ್ಲ, ಅರ್ಥ ಮಾಡಿಕೊಳ್ಳಲು ನೋಡುತ್ತೇನೆ ಅಂತ ಬರೆಯಿತು. ಬೀಗದ ಆಚೆ ಆ ರಾತ್ರಿ ಕಳೆದವನು ಬರೆದದ್ದು ಅಂತ ನೆನಪಿಟ್ಟು ಓದಿದರೆ ಆ ಸಾಲಿನ ತೂಕ ಗೊತ್ತಾಗುತ್ತದೆ.

ಒಂದು ಭಾವನೆಯನ್ನು ಅದಕ್ಕಿಂತ ಬಲವಾದ ಎದುರು ಭಾವನೆಯಿಂದ ಮಾತ್ರ ತೆಗೆಯಬಹುದು, ಬರೀ ವಾದದಿಂದ ಆಗುವುದಿಲ್ಲ ಅಂತಲೂ ಹೇಳಿದ್ದಾನೆ. ಅದು ನಿಜ ಅಂತ ನಾನು ಕಣ್ಣಾರೆ ನೋಡಿದೆ. ರಜೆ ಹಾಕಿ ಊರಿಗೆ ಹೋದಾಗ ಅಪ್ಪನ ಕಿಡ್ನಿ ಡಾಕ್ಟರಿಗೆ, ಸರ್, ಅಮ್ಮನಿಗೆ ಒಂದು ಸಲ ಬಿಡಿಸಿ ಹೇಳಿ ಅಂತ ಕೇಳಿಕೊಂಡೆ. ಅವರು ಚೀಟಿಯ ಹಿಂದೆ ಹುರುಳಿಕಾಳಿನಂತೆ ಎರಡು ಕಿಡ್ನಿ ಬರೆದು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಒಳಗಿನ ಸಣ್ಣ ಜರಡಿಯನ್ನು ಹೇಗೆ ತೂತು ಮಾಡಿತು ಅಂತ ತೋರಿಸಿದರು. "ನಿಮ್ಮಿಂದ ಆದದ್ದಲ್ಲಮ್ಮ" ಅಂದರು. ಅಮ್ಮ ಆ ಚೀಟಿಯನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಆಮೇಲೆ ಬೆಳ್ಳಿ ಕಣ್ಣನ್ನೂ ಮಾಡಿಸಿದಳು. ಈ ಸಲ ನಾನು ಬೈಯಲಿಲ್ಲ, ಜೊತೆಗೆ ಹೋದೆ. ಅಂಗಡಿಯವನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟುಕೊಟ್ಟ.

ಜೊತೆಗೆ ಹೋಗುವುದನ್ನೂ ಸ್ಪಿನೋಜನಿಂದಲೇ ಕಲಿತೆ. ಅವನ ಜೀವನ ಬರೆದ ಪಾದ್ರಿ ಕೊಲೆರಸ್ ಒಂದು ಘಟನೆ ಹೇಳುತ್ತಾರೆ. ಅಮ್ಮ ಇಲ್ಲಿಂದ ಹೊರಡುವ ಹಿಂದಿನ ವಾರ, ಸುರಿನಾಮ್‌ನವರ ಅಂಗಡಿಯಲ್ಲಿ ಬೆಂಡೆಕಾಯಿ, ಕರಿಬೇವು ತಗೊಂಡು ಬರುವಾಗ ಆ ಪ್ರತಿಮೆಯ ಹತ್ತಿರ ಕಾಲು ನೋವು ಅಂತ ಕೂತಳು. ಆಗ ಹೇಳಿದೆ. ಇದೇ ಮನೆಯಲ್ಲಿ ಅವನು ಬಾಡಿಗೆಗೆ ಇದ್ದದ್ದಮ್ಮ, ಮನೆಯವರು ಚರ್ಚಿಗೆ ಹೋಗಿ ಬಂದರೆ ಇವತ್ತು ಏನು ಕೇಳಿದಿರಿ ಅಂತ ವಿಚಾರಿಸುತ್ತಿದ್ದನಂತೆ. ಒಂದು ದಿನ ಮನೆಯಾಕೆ ಕೇಳಿದಳಂತೆ, ನನ್ನ ಧರ್ಮದಲ್ಲೇ ಇದ್ದರೆ ನನಗೆ ಒಳ್ಳೆಯ ಗತಿ ಸಿಗತ್ತಾ ಅಂತ.

ಅಮ್ಮ ಚೀಲ ಕೆಳಗಿಟ್ಟಳು. "ಏನಂದ?"

"ನಿಮ್ಮ ಧರ್ಮ ಒಳ್ಳೆಯದೇ, ಬೇರೆ ಹುಡುಕಬೇಡಿ, ಶಾಂತವಾಗಿ ಭಕ್ತಿಯಿಂದ ಬದುಕಿದರೆ ಸಾಕು ಅಂದನಂತೆ."

ಅಮ್ಮ ಮೇಲಿನ ಕಿಟಕಿಗಳನ್ನು ನೋಡಿದಳು. "ಪಾಪ, ಆವತ್ತು ಆ ಹೆಂಗಸಿಗೆ ಚೆನ್ನಾಗಿ ನಿದ್ದೆ ಬಂದಿರತ್ತೆ ಕಣೆ" ಅಂದಳು. ಆಮೇಲೆ ಕರಿಬೇವು ಬಾಡತ್ತೆ ಅಂತ ಎದ್ದಳು.