ಅಕ್ಕನಿಗೊಂದು ಕಾನೂನು, ತಮ್ಮನಿಗೊಂದು

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆಗೆಲ್ಲ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯ ಉಚಿತ ಸೀಟಿನ ಅರ್ಜಿ ಶುರುವಾಯಿತೆಂದರೆ ನಮಗೆ ಜಾತ್ರೆ. ಮಗುವಿನ ಆಧಾರ್, ಜನನ ಪತ್ರ, ಜಾತಿ-ಆದಾಯ ಸರ್ಟಿಫಿಕೇಟು ಹಿಡಿದು ಜನ ಶಟರ್ ಎತ್ತುವ ಮೊದಲೇ ನಿಂತಿರುತ್ತಿದ್ದರು. 2016ರಲ್ಲಿ ನನ್ನ ಮಗಳ ಎಲ್‌ಕೆಜಿಗೆ ನಾನೂ ಅರ್ಜಿ ಹಾಕಿದೆ. ಲಾಟರಿಯಲ್ಲಿ ಹೆಸರು ಬಂತು. ನಾನು ಮೊದಲು ಬರೆದಿದ್ದ ಶಾಲೆಯಲ್ಲ, ಎರಡನೆಯದು. ಇರಲಿ, ಫೀಸಿಲ್ಲವಲ್ಲ!

ಬೇಕಾದ ಶಾಲೆ ಕೇಳೋದು ನಮ್ಮ ಹಕ್ಕು ಅಂತಲೇ ನಂಬಿದ್ದೆ. ಕಾನೂನು ಕೊಟ್ಟಿದ್ದು ಲಾಟರಿಗೆ ಹೆಸರು ಹಾಕೋ ಹಕ್ಕು ಮಾತ್ರ, ಅದೂ ನಮ್ಮ ನೆರೆಹೊರೆಯ ಖಾಸಗಿ ಶಾಲೆಗಳ ಶೇ. 25 ಸೀಟಿಗೆ.

2019ರಲ್ಲಿ ಮಗನ ಸರದಿ. ಆ ಸಲ ಅಂಗಡಿ ಮುಂದೆ ಸಾಲೇ ಇಲ್ಲ. ಕಾನೂನು ಬದಲಾದದ್ದನ್ನು ನಾನು ಪೇಪರಿಗಿಂತ ಮೊದಲು ತಿಳಿದದ್ದು ಗಲ್ಲಾಪೆಟ್ಟಿಗೆಯಿಂದ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಕೊಡಬೇಕಾಗಿಲ್ಲ ಅಂತ ರಾಜ್ಯ ಸರ್ಕಾರ ನಿಯಮ ತಿದ್ದಿತ್ತು. ನಮ್ಮ ಮನೆಯಿಂದ ಸರ್ಕಾರಿ ಶಾಲೆಗೆ ನಾಲ್ಕೇ ನಿಮಿಷ. ವಿಚಾರಿಸಲು ಹೋದಾಗ ಗುಮಾಸ್ತರು, "ಪಕ್ಕದಲ್ಲೇ ಶಾಲೆ ಐತಲ್ರಿ, ಅರ್ಜಿ ಯಾಕೆ?" ಅಂದರು. ಕೆಲವರು ಹೈಕೋರ್ಟಿಗೆ ಹೋದರು. ಮೇ 31ರಂದು ಕೋರ್ಟು ಸರ್ಕಾರದ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಸರ್ಕಾರದ ವಾದವೂ ಪೂರ್ತಿ ಸುಳ್ಳಲ್ಲ. ತನ್ನ ಶಾಲೆ ಖಾಲಿ ಬಿದ್ದಿರುವಾಗ ಖಾಸಗಿಯವರಿಗೆ ಆ ಮಕ್ಕಳ ಫೀಸಿನ ದುಡ್ಡು ತಾನು ಯಾಕೆ ಕಟ್ಟಬೇಕು? ಆದರೆ ನಮ್ಮನೆಯಾಕೆಗೆ ಇದನ್ನ ಹೇಳಿ ನೋಡಿ. "ಅಕ್ಕ ಟೈ ಕಟ್ಕೊಂಡು ವ್ಯಾನಲ್ಲಿ ಹೋಗ್ತಾಳೆ, ತಮ್ಮ ಚಪ್ಪಲಿ ಎಳ್ಕೊಂಡು ನಡ್ಕೊಂಡು ಹೋಗ್ಬೇಕಾ?" ಅಂತ ಎರಡು ದಿನ ಮಾತಾಡಲಿಲ್ಲ.

ಮಗ ಅಂಗನವಾಡಿ ಮುಗಿಸಿ ಅದೇ ಸರ್ಕಾರಿ ಶಾಲೆ ಸೇರಿದ. ಬಿಸಿಯೂಟ, ಮೊಟ್ಟೆ, ಮನೆಗೇ ಬಂದು ವಿಚಾರಿಸುವ ಮೇಷ್ಟ್ರು. ಕನ್ನಡ ಓದೋದರಲ್ಲಿ ಅಕ್ಕನನ್ನೇ ತಿದ್ದುತ್ತಾನೆ. ಇಂಗ್ಲಿಷು ಮಾತ್ರ ತಡವರಿಸುತ್ತಾನೆ, ಸುಳ್ಳು ಯಾಕೆ ಹೇಳಲಿ.

ಈಗಿನ ತಲೆನೋವು ಮಗಳದು. ಆರ್‌ಟಿಇ ಸೀಟು ಎಂಟನೇ ಕ್ಲಾಸಿಗೆ ಮುಗಿಯುತ್ತೆ. ಒಂಬತ್ತಕ್ಕೆ ಅದೇ ಬೆಂಚಿಗೆ ಪೂರ್ತಿ ಫೀಸು. ಶಾಲೆಯವರು ಕೊಟ್ಟ ಚೀಟಿ ನೋಡಿ ಮಗಳೇ ಅಂದಳು, "ಅಪ್ಪಾ, ನಾನೂ ತಮ್ಮನ ಜೊತೆ ನಡ್ಕೊಂಡು ಹೋಗ್ತೀನಿ ಬಿಡು." ಸರ್ಕಾರಿ ಹೈಸ್ಕೂಲು ಅವನ ಶಾಲೆಗಿಂತ ಒಂದು ಬೀದಿ ಆಚೆ. ಅಲ್ಲಿ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಇದೆಯಾ ಅಂತ ಸೋಮವಾರ ಅಂಗಡಿ ತೆಗೆಯೋ ಮೊದಲು ಹೋಗಿ ಕೇಳಬೇಕು.